ಆಫೀಸಿಗೆ ಬಂದ ಜಾತಿ ನಾಯಿ

ಬೆಂಗಳೂರಿನ ಐಟಿ ಕಂಪನಿ, ಸ್ಟಾರ್ಟಪ್‌ಗಳಲ್ಲಿ ಈಗ ‘ಪೆಟ್ ಫ್ರೆಂಡ್ಲಿ ಆಫೀಸ್’ ಅನ್ನೋದು ದೊಡ್ಡ ಹೆಮ್ಮೆಯ ವಿಷಯ. ಲ್ಯಾಪ್‌ಟಾಪ್ ಪಕ್ಕ ಲ್ಯಾಬ್ರಡಾರ್ ಮಲಗಿರೋ ಫೋಟೊ ಹಾಕಿ “ನಮ್ಮ ಟೀಮಿನ ಹೊಸ ಮೆಂಬರ್” ಅಂತ ಬರೀತಾರೆ. ಕೆಳಗೆ ಸಾಲುಸಾಲು ಹಾರ್ಟು. ದಲಿತ ಚಳವಳಿಯವರಿಗೆ ಇದರಲ್ಲೇನು ಕೆಲಸ ಅಂತ ಕೆಲವರು ಕೇಳಬಹುದು. ಕೆಲಸ ಇದೆ. ಪೋಸ್ಟ್ ಸ್ವಲ್ಪ ಉದ್ದ ಆಗಿದೆ, ತಾಳ್ಮೆಯಿಂದ ಓದಿ.

ಮೊದಲೇ ಹೇಳಿಬಿಡ್ತೀನಿ, ಇದು ನಾಯಿ ವಿರೋಧಿ ಪೋಸ್ಟ್ ಅಲ್ಲ. ನಮ್ಮ ಕೇರಿಗಳಲ್ಲಿ ನಾಯಿ ಇಲ್ಲದ ಬೀದಿ ಹುಡುಕಿದರೂ ಸಿಗಲ್ಲ. ಉಣ್ಣೋ ಮುದ್ದೆಯಲ್ಲಿ ಒಂದು ತುತ್ತು ಮುರಿದು ಅದಕ್ಕೆ ಹಾಕದೆ ಕೈ ತೊಳೆಯದ ಅಜ್ಜಿಯರನ್ನ ನಾವೆಲ್ಲ ನೋಡಿದ್ದೀವಿ. ಬಾಬಾಸಾಹೇಬರೂ ನಾಯಿ ಸಾಕಿದ್ದರು. ದಾದರ್‌ನ ರಾಜಗೃಹದಲ್ಲಿ 1934ರ ಫೆಬ್ರವರಿಯಲ್ಲಿ ತೆಗೆದ ಒಂದು ಫೋಟೊ ಇದೆ. ರಮಾಬಾಯಿ, ಮಗ ಯಶವಂತ, ಅತ್ತಿಗೆ ಲಕ್ಷ್ಮೀಬಾಯಿ, ಅಣ್ಣನ ಮಗ ಮುಕುಂದ, ಅವರ ಜೊತೆಯಲ್ಲೇ ಟೋಬಿ ಅನ್ನೋ ನಾಯಿ. ಮನೆಯವರ ಫೋಟೊದಲ್ಲಿ ನಾಯಿಗೂ ಜಾಗ ಕೊಟ್ಟವರ ಮಕ್ಕಳು ನಾವು. ಹಾಗಾಗಿ ಪ್ರಾಣಿ ಪ್ರೀತಿಯ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಆಫೀಸ್ ನಾಯಿ ಪದ್ಧತಿ ಅಮೆರಿಕದಿಂದ ಬಂದದ್ದು. ಅಲ್ಲಿ 1999ರಿಂದ ಪ್ರತಿವರ್ಷ ಜೂನ್ ತಿಂಗಳಲ್ಲಿ ‘ನಿಮ್ಮ ನಾಯಿಯನ್ನು ಕೆಲಸಕ್ಕೆ ಕರೆತನ್ನಿ’ ಅಂತ ಒಂದು ದಿನವನ್ನೇ ಆಚರಿಸ್ತಾರೆ. ಅಮೆಜಾನ್ ಕಂಪನಿಯ ಶುರುವಿನ ದಿನಗಳಲ್ಲಿ ರೂಫಸ್ ಅನ್ನೋ ನಾಯಿ ಆಫೀಸಿಗೆ ಬರ್ತಿತ್ತು, ಕಂಪನಿಯವರು ಅದನ್ನ ಇವತ್ತಿಗೂ ನೆನೀತಾರೆ. ವರ್ಜೀನಿಯಾದ ವಿಶ್ವವಿದ್ಯಾಲಯವೊಂದರ ಸಂಶೋಧಕರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾರ್ತ್ ಕೆರೋಲಿನಾದ ಒಂದು ಕಂಪನಿಯಲ್ಲಿ 75ರಷ್ಟು ನೌಕರರನ್ನ ಒಂದು ವಾರ ಗಮನಿಸಿದ್ದರು. ನಾಯಿ ಜೊತೆಗಿದ್ದ ದಿನ ಅದರ ಯಜಮಾನರ ಒತ್ತಡ ಕಡಿಮೆ, ಮನೆಯಲ್ಲಿ ಬಿಟ್ಟು ಬಂದ ದಿನ ಜಾಸ್ತಿ. ಇರಬಹುದು, ನಂಬೋಣ. ಒಂಟಿಯಾಗಿ ಬಾಡಿಗೆ ಮನೆಯಲ್ಲಿರೋ ಹುಡುಗ ಹುಡುಗಿಯರಿಗೆ ನಾಯಿಯೇ ಮನೆಮಂದಿ. ಹನ್ನೆರಡು ಗಂಟೆ ಅದನ್ನ ಕೂಡಿಹಾಕಿ ಬರೋದು ಪಾಪವೇ.

ನನ್ನ ಪ್ರಶ್ನೆ ಬೇರೆ. ಒತ್ತಡ ಕಡಿಮೆ ಆಯ್ತು ಅಂತೀರಲ್ಲ, ಯಾರದ್ದು? ಅದು ಇಳಿದು ಯಾರ ತಲೆ ಮೇಲೆ ಕೂತುಕೊಳ್ತು?

ಸ್ವಲ್ಪ ದಿನದ ಹಿಂದೆ ಹೌಸ್‌ಕೀಪಿಂಗ್ ಹೆಂಗಸರ ಒಂದು ಸಭೆ ಇತ್ತು. ಎಲ್ಲರೂ ಗುತ್ತಿಗೆಯವರು, ಹೆಚ್ಚಿನವರು ನಮ್ಮವರೇ. ಸಂಬಳ, ಪಿಎಫ್ ಮಾತಾಡ್ತಾ ಮಾತಾಡ್ತಾ ಒಬ್ಬ ಅಕ್ಕ ಹೇಳಿದರು: “ಶುಕ್ರವಾರ ಬಂದ್ರೆ ಎದೆ ಝಲ್ ಅನ್ನುತ್ತೆ ಸರ್, ಅವತ್ತು ನಾಯಿಗಳು ಬರ್ತವೆ.” ಕಾರ್ಪೆಟ್ ತುಂಬಾ ಕೂದಲು. ಮೂಲೆಯಲ್ಲಿ ಉಚ್ಚೆ. ಒಂದೊಂದು ಸಲ ಅದಕ್ಕಿಂತ ಹೆಚ್ಚು. ನಾಯಿ ತಂದವರು ಮೂಗು ಮುಚ್ಚಿಕೊಂಡು “ಅಕ್ಕಾ, ಸ್ವಲ್ಪ ನೋಡಿ” ಅಂತ ಕೂಗ್ತಾರಂತೆ. ಕೈಗೆ ಗ್ಲೌಸ್ ಕೊಡಿ ಅಂತ ಕೇಳಿದರೆ ಸೂಪರ್‌ವೈಸರ್ ಕಾಂಟ್ರಾಕ್ಟರ್‌ನ ತೋರಿಸ್ತಾನೆ, ಕಾಂಟ್ರಾಕ್ಟರ್ ಕಂಪನಿಯನ್ನ ತೋರಿಸ್ತಾನೆ. ಆಮೇಲೆ ಆ ಅಕ್ಕ ಇನ್ನೊಂದು ಮಾತು ಹೇಳಿದರು. ನಾಯಿ ಮಲಗೋ ಆ ಮೆತ್ತನೆ ಬೀನ್ ಬ್ಯಾಗ್ ಮೇಲೆ ಇವರು ಒಂದು ನಿಮಿಷ ಕೂರೋ ಹಾಗಿಲ್ಲ. ಕ್ಯಾಮೆರಾದಲ್ಲಿ ಕಂಡರೆ ಕೆಲಸ ಹೋಗುತ್ತೆ. ಮಧ್ಯಾಹ್ನದ ಊಟ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ. ಲಿಫ್ಟು ಸಾಮಾನು ಸಾಗಿಸೋದು, ಮೇನ್ ಲಿಫ್ಟಿನಲ್ಲಿ ನಾಯಿ ಹೋಗುತ್ತೆ.

ನಾಯಿ ತರಬಹುದಾ ಅಂತ ಆ ಕಂಪನಿಯಲ್ಲಿ ವೋಟಿಂಗ್ ನಡೆದಿತ್ತಂತೆ. ಯಾರಿಗೆ? ಕಂಪನಿ ಇಮೇಲ್ ಇದ್ದವರಿಗೆ. ಉಚ್ಚೆ ಒರೆಸೋರಿಗೆ ಇಮೇಲ್ ಇಲ್ಲ. ಗೇಟಿನಲ್ಲಿ ನಿಂತಿರೋ ಸೆಕ್ಯುರಿಟಿಗೂ ಇಲ್ಲ. ಪ್ಯಾಂಟ್ರಿಯಲ್ಲಿ ಟೀ ಕಾಸೋ ಹುಡುಗನಿಗೂ ಇಲ್ಲ. ನಾಯಿ ಕಚ್ಚಿದರೆ ಮೊದಲು ಕಚ್ಚಿಸಿಕೊಳ್ಳೋರು ಇವರೇ ತಾನೇ?

ಕಚ್ಚಿದರೆ ಏನಾಗುತ್ತೆ ಅಂತ ಲೆಕ್ಕ ಹಾಕಿ. ಗಾಯವನ್ನ ಕೂಡಲೇ ಹರಿಯೋ ನೀರು, ಸೋಪಿನಲ್ಲಿ 15 ನಿಮಿಷ ತೊಳೀಬೇಕು. ಆಮೇಲೆ ರೇಬೀಸ್ ಲಸಿಕೆ. ತೋಳಿಗೆ ಕೊಡೋ ಪದ್ಧತಿಯಲ್ಲಿ ಐದು ಸಲ: ಮೊದಲ ದಿನ, ಆಮೇಲೆ 3, 7, 14, 28ನೇ ದಿನ. ಮ್ಯಾನೇಜರ್‌ಗೆ ಇದು ಐದು ಸಲ ಕ್ಲಿನಿಕ್‌ಗೆ ಹೋಗಿ ಬರೋ ಮಾತು. ಹಾಜರಿ ಲೆಕ್ಕದ ಹೆಂಗಸಿಗೆ ಐದು ದಿನದ ಕೂಲಿ. ಒಂದೇ ಹಲ್ಲು, ಒಂದೇ ಲಸಿಕೆ, ನಷ್ಟ ಮಾತ್ರ ಬೇರೆ ಬೇರೆ.

ಇನ್ನು ಯಾವ ನಾಯಿಗೆ ಒಳಗೆ ಪ್ರವೇಶ ಅನ್ನೋದನ್ನೂ ನೋಡಿ. ನಮ್ಮ ಕನ್ನಡದಲ್ಲಿ ಎರಡು ಮಾತಿದೆ: ‘ಜಾತಿ ನಾಯಿ’, ‘ಕಂತ್ರಿ ನಾಯಿ’. ಕಾಸು ಕೊಟ್ಟು ತಂದ, ವಂಶಾವಳಿಯ ಸರ್ಟಿಫಿಕೇಟು ಇರೋದು ಜಾತಿ ನಾಯಿ. ಊರಲ್ಲೇ ಹುಟ್ಟಿ, ಊರ ಎಂಜಲು ತಿಂದು, ರಾತ್ರಿಯೆಲ್ಲ ಊರು ಕಾಯೋದು ಕಂತ್ರಿ. ಈ ದೇಶದಲ್ಲಿ ನಾಯಿಗೂ ಜಾತಿ ಹಚ್ಚದೆ ಬಿಟ್ಟಿಲ್ಲ. ಪೆಟ್ ಫ್ರೆಂಡ್ಲಿ ಆಫೀಸುಗಳ ಫೋಟೊಗಳಲ್ಲಿ ನಿಮಗೆ ಕಾಣೋದು ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಶಿಟ್ಜು. ಅದೇ ಗೇಟಿನ ಹೊರಗೆ ವಾಚ್‌ಮನ್ ಬಿಸ್ಕತ್ತು ಹಾಕಿ ಸಾಕಿರೋ ಕಂದು ನಾಯಿ ಒಳಗೆ ಕಾಲಿಟ್ಟರೆ ಓಡಿಸೋದು ಅದೇ ವಾಚ್‌ಮನ್ ಡ್ಯೂಟಿ.

ಆಫೀಸು, ನಾಯಿ, ಜಾತಿ ಈ ಮೂರನ್ನೂ ಒಟ್ಟಿಗೆ ಸೇರಿಸಿದ ಒಂದು ಗಾದೆಯೂ ಇದೆ. ನಾಯಿಯನ್ನ ಸಿಂಹಾಸನದ ಮೇಲೆ ಕೂರಿಸಿದರೂ ಅದು ಹೇಲು ಕಂಡರೆ ಬಿಡಲ್ಲ ಅಂತ. ಗುಮಾಸ್ತಿಕೆ ಮಾಡಿಕೊಂಡಿರೋ ನಮ್ಮಂಥವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಬಡ್ತಿ ಮೀಸಲಾತಿ ಮೇಲೆ 2017ರಲ್ಲಿ ಪವಿತ್ರ ಕೇಸಿನ ತೀರ್ಪು ಬಂದಾಗ, 2019ರಲ್ಲಿ ಸುಪ್ರೀಂ ಕೋರ್ಟು ನಮ್ಮ ರಾಜ್ಯದ ಹೊಸ ಕಾಯ್ದೆಯನ್ನ ಎತ್ತಿಹಿಡಿದಾಗ, ಎಷ್ಟು ಕಚೇರಿಗಳಲ್ಲಿ ಈ ಗಾದೆ ಓಡಾಡ್ತು ಅಂತ ಮೀಸಲಾತಿಯಲ್ಲಿ ಕುರ್ಚಿ ಹತ್ತಿದ ಪ್ರತಿಯೊಬ್ಬರೂ ಹೇಳ್ತಾರೆ. ನಮ್ಮವರು ಸೂಪರಿಂಟೆಂಡೆಂಟ್ ಕುರ್ಚಿಯಲ್ಲಿ ಕೂತರೆ ನೆನಪಾಗೋ ಗಾದೆ, ಇವತ್ತು ನಿಜವಾದ ನಾಯಿಯೇ ಕುರ್ಚಿ ಮೇಲೆ ಕೂತಾಗ ಯಾರ ಬಾಯಿಗೂ ಬರಲ್ಲ. ಫೋಟೊ ತೆಗೀತಾರೆ.

ಇದು ಹೊಸ ಕತೆ ಅಲ್ಲ. ವಿದೇಶದಲ್ಲಿ ಓದಿ ಬಂದ ಬಾಬಾಸಾಹೇಬರು 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಅಲ್ಲಿನ ಜವಾನರು ಮುಟ್ಟಿದರೆ ಮೈಲಿಗೆ ಅಂತ ಫೈಲುಗಳನ್ನ ದೂರದಿಂದ ಎಸೀತಿದ್ದರು. ಕಚೇರಿಯಲ್ಲಿ ಕುಡಿಯೋಕೆ ನೀರು ಸಿಗ್ತಿರಲಿಲ್ಲ. ಹತ್ತು ವರ್ಷ ಆದಮೇಲೆ, 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದರು. ದನ, ನಾಯಿ ಕುಡಿಯೋ ನೀರನ್ನ ನಾವು ಮುಟ್ಟೋ ಹಾಗಿರಲಿಲ್ಲ ಅನ್ನೋದೇ ಅಲ್ಲಿನ ತಕರಾರು.

ಅದೆಲ್ಲ ಬ್ರಿಟಿಷರ ಕಾಲದ್ದು ಅಂತೀರಾ? 2011ರಲ್ಲಿ ಕೇರಳದಲ್ಲಿ, ನೋಂದಣಿ ಇಲಾಖೆಯ ಅತಿ ದೊಡ್ಡ ಹುದ್ದೆಯಲ್ಲಿದ್ದ ದಲಿತ ಅಧಿಕಾರಿ ನಿವೃತ್ತರಾದ ಬೆನ್ನಿಗೇ ಅವರು ಕೂತಿದ್ದ ಕೋಣೆಗೆ, ಪೀಠೋಪಕರಣಕ್ಕೆ ಸಗಣಿ ನೀರು ಚಿಮುಕಿಸಿ ಶುದ್ಧ ಮಾಡಿದರು ಅಂತ ಅವರೇ ದೂರು ಕೊಟ್ಟರು, ದೇಶವೆಲ್ಲ ಸುದ್ದಿಯಾಯ್ತು. ಸಾಕ್ಷರತೆಯಲ್ಲಿ ಆಗ ಮೊದಲ ಸ್ಥಾನದಲ್ಲಿದ್ದ ರಾಜ್ಯ ಅದು. ನಾಯಿ ಮಲಗಿ ಎದ್ದುಹೋದ ಕುರ್ಚಿಗೆ ಯಾರಾದರೂ ಸಗಣಿ ನೀರು ಹಾಕಿದ್ದು ನೀವು ಕೇಳಿದ್ದೀರಾ?

ಸರ್ಕಾರಿ ಕಡೆಯ ಕತೆ ಇನ್ನೊಂದು ಥರ. ಅಲ್ಲಿ ನಾಯಿ ಆಫೀಸಿಗೆ ಬರೋದಕ್ಕಿಂತ ಆಫೀಸಿನ ಮನುಷ್ಯರು ನಾಯಿ ಹತ್ತಿರ ಹೋಗೋದೇ ಜಾಸ್ತಿ. ಸಾಹೇಬರ ನಾಯಿ ತೊಳೆಯೋದು, ವಾಕಿಂಗ್ ಕರ್ಕೊಂಡು ಹೋಗೋದು ಡಿ ಗ್ರೂಪ್ ನೌಕರರ, ಪೊಲೀಸ್ ಆರ್ಡರ್ಲಿಗಳ ಕೆಲಸ ಅಂತ ಬ್ರಿಟಿಷರ ಕಾಲದಿಂದ ನಡ್ಕೊಂಡು ಬಂದಿದೆ. ಪಕ್ಕದ ತಮಿಳುನಾಡಿನಲ್ಲಿ ಆರ್ಡರ್ಲಿ ಪದ್ಧತಿ ರದ್ದು ಮಾಡಿ 1979ರಲ್ಲೇ ಆದೇಶ ಹೊರಡಿಸಿದ್ದರು. ಆದರೂ 2022ರಲ್ಲಿ ಮದ್ರಾಸ್ ಹೈಕೋರ್ಟು ಇದು ಇನ್ನೂ ಯಾಕೆ ನಡೀತಿದೆ ಅಂತ ಛೀಮಾರಿ ಹಾಕಬೇಕಾಯ್ತು.

ಅದೇ 2022ರ ಮೇ ತಿಂಗಳಲ್ಲಿ ದೆಹಲಿಯ ತ್ಯಾಗರಾಜ ಕ್ರೀಡಾಂಗಣದ ಸುದ್ದಿ ನೆನಪಿದೆಯಲ್ಲ? ಐಎಎಸ್ ಅಧಿಕಾರಿಯೊಬ್ಬರು ನಾಯಿ ವಾಕಿಂಗ್ ಮಾಡಿಸೋಕೆ ಸಂಜೆ 7ಕ್ಕೆಲ್ಲ ಕ್ರೀಡಾಪಟುಗಳನ್ನ ಹೊರಗೆ ಕಳಿಸ್ತಾರೆ ಅಂತ ಇಂಡಿಯನ್ ಎಕ್ಸ್‌ಪ್ರೆಸ್ ಬರೀತು. ಆ ಅಧಿಕಾರಿ ಆರೋಪ ಒಪ್ಪಲಿಲ್ಲ. ಕೇಂದ್ರ ಸರ್ಕಾರ ಅವರನ್ನ ಲಡಾಖ್‌ಗೆ, ಅದೇ ಸೇವೆಯಲ್ಲಿದ್ದ ಹೆಂಡತಿಯನ್ನ ಅರುಣಾಚಲಕ್ಕೆ ವರ್ಗ ಮಾಡಿತು. ದೇಶವೆಲ್ಲ ನಾಯಿ ಜೋಕು ಹೇಳಿ ನಕ್ಕಿತು. ಆ ಹೊತ್ತಿನಲ್ಲಿ ಓಡಬೇಕಾಗಿದ್ದ ಮಕ್ಕಳ ಬಗ್ಗೆ ಮಾತಾಡಿದವರು ಕಡಿಮೆ. ನಾಯಿಯ ತಪ್ಪು ಅದರಲ್ಲಿ ಏನಿತ್ತು? ಅದಕ್ಕೆ ಬೇಕಾಗಿದ್ದು ಒಂದಿಷ್ಟು ಬಯಲು. ಬೇರೆಯವರ ಜಾಗ ಖಾಲಿ ಮಾಡಿಸೋದು ಮನುಷ್ಯರ ಬುದ್ಧಿ.

ಇನ್ನೊಂದು ಥರದ ಕೆಲಸದ ಜಾಗವೂ ಇದೆ. ಬೆಂಗಳೂರಿನದೇ ಕಂಪನಿ ಸ್ವಿಗ್ಗಿ 2024ರ ಏಪ್ರಿಲ್‌ನಲ್ಲಿ ‘ಪಾ-ಟರ್ನಿಟಿ’ ಅಂತ ಒಂದು ಪಾಲಿಸಿ ತಂತು. ಹೊಸದಾಗಿ ನಾಯಿಯೋ ಬೆಕ್ಕೋ ಮನೆಗೆ ತಂದವರಿಗೆ ರಜೆ, ಮನೆಯಿಂದ ಕೆಲಸ. ಒಳ್ಳೇದೇ. ಆದರೆ ಅದು ಪೂರ್ಣಾವಧಿ ನೌಕರರಿಗೆ. ಮನೆಮನೆಗೆ ಊಟ ಹೊತ್ತು ತರೋ ಹುಡುಗರನ್ನ ಈ ದೇಶದ ಯಾವ ಆ್ಯಪ್ ಕಂಪನಿ ತಾನೇ ನೌಕರ ಅಂತ ಕರೆಯುತ್ತೆ? ಆ ಹುಡುಗರಿಗೆ ನಮ್ಮ ನಿಮ್ಮ ಮನೆ ಬಾಗಿಲೇ ಕೆಲಸದ ಜಾಗ, ನಾಯಿ ಅಲ್ಲಿ ಮೊದಲೇ ಇರುತ್ತೆ. 2023ರ ಜನವರಿಯಲ್ಲಿ ಹೈದರಾಬಾದಿನ ಬಂಜಾರಾ ಹಿಲ್ಸ್‌ನಲ್ಲಿ ಊಟ ಕೊಡೋಕೆ ಹೋದ 23 ವರ್ಷದ ಹುಡುಗನ ಮೇಲೆ ಆ ಮನೆಯ ಜರ್ಮನ್ ಶೆಫರ್ಡ್ ನುಗ್ಗಿತು. ತಪ್ಪಿಸಿಕೊಳ್ಳೋಕೆ ಹೋಗಿ ಮೂರನೇ ಮಹಡಿಯಿಂದ ಬಿದ್ದ, ಕೆಲವು ದಿನ ಆಸ್ಪತ್ರೆಯಲ್ಲಿದ್ದು ಸತ್ತುಹೋದ.

ಹಾಗಂತ ಆಫೀಸಿಗೆ ನಾಯಿ ಬೇಡವೇ ಬೇಡ ಅಂತ ಪ್ಲಕಾರ್ಡ್ ಹಿಡಿಯೋಣ ಅಂತ ನಾನು ಹೇಳ್ತಿಲ್ಲ. ನಾಯಿ ಬಂದ ಮೇಲೆ ಆ ಆಫೀಸುಗಳು ಏನೇನು ಮಾಡಿದವು ಅಂತ ನೋಡಿ. ಅದಕ್ಕೆ ನೀರಿನ ಬೋಗುಣಿ ಇಟ್ಟರು. ಮಲಗೋಕೆ ಮೆತ್ತನೆ ಜಾಗ ಮಾಡಿದರು. ಹೊರಗೆ ಹೋಗಿ ಬರೋಕೆ ಬಿಡುವು ಕೊಟ್ಟರು. ಹೆಸರಿಟ್ಟು ಕರೆದರು. ಕುತ್ತಿಗೆಗೆ ಐಡಿ ಕಾರ್ಡು ಕೂಡ ಹಾಕಿದರು. ಇಷ್ಟೆಲ್ಲ ಒಂದೇ ವಾರದಲ್ಲಿ ಆಯ್ತು, ಯಾವ ಹೋರಾಟವೂ ಇಲ್ಲದೆ.

ಈಗ ನಮ್ಮ ಹೌಸ್‌ಕೀಪಿಂಗ್ ಅಕ್ಕಂದಿರ ಬೇಡಿಕೆ ಪಟ್ಟಿ ಓದಿ. ಕುಡಿಯೋ ನೀರು. ಕೂತು ಊಟ ಮಾಡೋಕೆ ಒಂದು ಜಾಗ. ಟಾಯ್ಲೆಟ್ಟಿಗೆ ಹೋಗೋಕೆ ಬಿಡುವು. ‘ಏಯ್’ ಅನ್ನದೆ ಹೆಸರು ಹಿಡಿದು ಕರೆಯೋದು. ಎರಡೂ ಒಂದೇ ಪಟ್ಟಿ. ಒಂದಕ್ಕೆ ಒಂದು ವಾರ ಸಾಕಾಯ್ತು. ಇನ್ನೊಂದಕ್ಕೆ ಯೂನಿಯನ್ ಕಟ್ಟಬೇಕು, ಲೇಬರ್ ಆಫೀಸಿಗೆ ಅಲೀಬೇಕು, ಕೆಲಸ ಕಳ್ಕೋಬೇಕು. ದುಡ್ಡಿಲ್ಲ, ಜಾಗ ಇಲ್ಲ, ಪಾಲಿಸಿ ಇಲ್ಲ ಅಂತ ಇಷ್ಟು ದಿನ ಹೇಳ್ತಿದ್ದದ್ದು ಸುಳ್ಳು ಅಂತ ನಾಯಿ ತೋರಿಸಿಕೊಟ್ಟಿದೆ. ಅದಕ್ಕೆ ನಾನು ನಾಯಿಗೆ ಋಣಿ.

ಐಟಿ ಕಂಪನಿಗಳಲ್ಲಿರೋ ನಮ್ಮ ಹುಡುಗ ಹುಡುಗಿಯರು ಈ ಗುಂಪಿನಲ್ಲಿ ಬಹಳ ಜನ ಇದ್ದೀರಿ. ನಿಮ್ಮ ಆಫೀಸಿನಲ್ಲಿ ಪೆಟ್ ಪಾಲಿಸಿ ಚರ್ಚೆಗೆ ಬಂದರೆ ಇವಿಷ್ಟು ಕೇಳಿ:

1. ಒಪ್ಪಿಗೆ ಕೇಳುವಾಗ ಹೌಸ್‌ಕೀಪಿಂಗ್, ಸೆಕ್ಯುರಿಟಿ, ಪ್ಯಾಂಟ್ರಿಯವರನ್ನೂ ಕೇಳಬೇಕು. ಬೇಡ ಅಂದವರ ಕೆಲಸಕ್ಕೆ ಕುತ್ತು ಬರಬಾರದು.

2. ನಾಯಿಯ ಹೇಲು, ಉಚ್ಚೆ, ಕೂದಲು ತೆಗೆಯೋದು ನಾಯಿ ತಂದವರ ಕೆಲಸ ಅಂತ ಬರವಣಿಗೆಯಲ್ಲಿ ಇರಬೇಕು. ಬೇರೆಯವರ ಕೈಲಿ ಮಾಡಿಸಿದರೆ ಮಾರನೇ ಸಲ ನಾಯಿಗೆ ಪ್ರವೇಶ ಇಲ್ಲ.

3. ರೇಬೀಸ್ ಲಸಿಕೆಯ ಸರ್ಟಿಫಿಕೇಟು ಗೇಟಿನಲ್ಲೇ ತೋರಿಸಬೇಕು. ನಾಯಿ ಅಂದರೆ ಭಯ, ಅಲರ್ಜಿ ಇರೋರಿಗೆ ನಾಯಿ ಬಾರದ ಒಂದು ಮಹಡಿ ಇರಬೇಕು.

4. ಯಾರಿಗೇ ಕಚ್ಚಿದರೂ, ಗುತ್ತಿಗೆಯವರಾದರೂ, ಪೂರ್ತಿ ಚಿಕಿತ್ಸೆಯ ಖರ್ಚು ಮತ್ತು ಲಸಿಕೆಗೆ ಹೋಗೋ ಅಷ್ಟೂ ದಿನದ ಸಂಬಳ ಕೊಡಬೇಕು.

5. ನಾಯಿಗೆ ಏನೇನು ಸೌಲಭ್ಯ ಇದೆಯೋ ಅದೆಲ್ಲ ಮೊದಲು ಮನುಷ್ಯರಿಗೆ ಆಗಬೇಕು: ನೀರು, ಕೂರೋ ಜಾಗ, ಬಿಡುವು, ಮೇನ್ ಲಿಫ್ಟು.

ಕಣ್ಣು ಕಾಣದವರ ಜೊತೆ ಬರೋ ತರಬೇತಿ ಪಡೆದ ನಾಯಿಯ ಮಾತು ಬೇರೆ. ಅದು ಅವರ ಹಕ್ಕು, ಅದಕ್ಕೆ ಯಾರ ಓಟೂ ಬೇಕಾಗಿಲ್ಲ.

ಈ ಐದನ್ನ ಮೀಟಿಂಗಿನಲ್ಲಿ ಎತ್ತಿದರೆ ನಿಮ್ಮನ್ನ ಜಗಳಗಂಟರು ಅಂತಾರೆ. “ಎಲ್ಲದರಲ್ಲೂ ಜಾತಿ ತರ್ತೀರಾ” ಅಂತಲೂ ಅಂತಾರೆ. ನಾಯಿಗೆ ಜಾತಿ ಹಚ್ಚಿದ್ದು ನಾವಲ್ಲ ಅಂತ ಹೇಳಿ, ಕೂತ್ಕೊಳ್ಳಬೇಡಿ. ಎಲ್ಲಾದರೂ ಒಂದು ಆಫೀಸಿನಲ್ಲಿ ಒಂದು ಅಂಶ ಪಾಸ್ ಆದರೂ ಕಮೆಂಟಿನಲ್ಲಿ ತಿಳಿಸಿ, ಬೇರೆ ಕಡೆಯವರಿಗೆ ಅನುಕೂಲ ಆಗುತ್ತೆ. ಕಂಪನಿ ಹೆಸರು ಹಾಕಬೇಡಿ, ಅಕ್ಕಂದಿರ ಕೆಲಸ ಉಳೀಬೇಕು.

ಜೈ ಭೀಮ್.