ಒಂದು ಪೆಟ್ಟಿಗೆ, ನಾಲ್ಕು ಹವೆ

ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಸಮುದ್ರಕ್ಕೂ ಒಂದು ಕಾಲವಿದೆಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಯಾಂತ್ರಿಕ ದೋಣಿಗಳು ಬಂದರಿನಲ್ಲಿ ಸಾಲಾಗಿ ನಿಂತಿರುತ್ತವೆ. ಆ ದಿನಗಳಲ್ಲಿ ಯಾರೂ ಕಡಲಿನೊಂದಿಗೆ ಹಟ ಮಾಡುವುದಿಲ್ಲ. ಆದರೆ ಹಡಗಿನಲ್ಲಿ ಪ್ರವಾಸ ಹೋಗುವ ಮಾತು ಬಂದರೆ ನಮ್ಮ ಜನ ಮೊದಲು ಕೇಳುವುದು ದರವನ್ನು, ಆಮೇಲೆ ಊಟವನ್ನು. ಯಾವ ತಿಂಗಳು ಎಂದು ಕೇಳುವವರು ಕಡಿಮೆ. ದೀರ್ಘ ಪ್ರಯಾಣದ ಸುಖದುಃಖ ಬಹುತೇಕ ನಿರ್ಧಾರವಾಗುವುದು ಆ ಪ್ರಶ್ನೆಯಲ್ಲೇ ಎಂಬುದನ್ನು ನಾವು ಅನುಭವದಿಂದ ಕಂಡುಕೊಂಡೆವು.

ನಾವಿಬ್ಬರೂ ನಿವೃತ್ತ ಶಿಕ್ಷಕರು. ನಮ್ಮಲ್ಲೊಬ್ಬರು ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಭೂಗೋಳ ಕಲಿಸಿದವರು. ದಕ್ಷಿಣ ಅಮೆರಿಕದ ತುದಿಯನ್ನು ಕರಿಹಲಗೆಯಲ್ಲಿ ಎಷ್ಟು ಸಲ ಬರೆದು ಅಳಿಸಿದ್ದೇವೋ ಲೆಕ್ಕವಿಲ್ಲ. 1520ರಲ್ಲಿ ಮೆಗೆಲನ್ ದಾಟಿದ ಜಲಸಂಧಿ, 1616ರಲ್ಲಿ ಡಚ್ ನಾವಿಕರು ತಮ್ಮ ಊರಾದ ಹೋರ್ನ್‌ನ ಹೆಸರಿಟ್ಟ ಕೇಪ್ ಹಾರ್ನ್, 1914ರಲ್ಲಿ ಪನಾಮ ಕಾಲುವೆ ತೆರೆದ ಮೇಲೆ ಬಣಗುಟ್ಟಿದ ಆ ಹಳೆಯ ಹಡಗು ದಾರಿ. ಪಾಠ ಮಾಡಿದ್ದೇ ಬಂತು, ನೋಡಿರಲಿಲ್ಲ. ನಮ್ಮ ಮದುವೆಯ ನಲವತ್ತನೇ ವರ್ಷಕ್ಕೆ ಗಲ್ಫ್‌ನಲ್ಲಿರುವ ಮಗಳು ಮತ್ತು ಅಳಿಯ ಒಂದು ಪ್ರವಾಸದ ಖರ್ಚು ಕೊಡುತ್ತೇವೆಂದಾಗ ನಮ್ಮ ಬಾಯಿಂದ ಬಂದದ್ದು ಅದೇ ಹೆಸರು. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಿಂದ ಹೊರಟು, ಕೇಪ್ ಹಾರ್ನ್ ಸುತ್ತಿ, ಚಿಲಿಯ ಬಂದರಿನಲ್ಲಿ ಇಳಿಸುವ 14 ದಿನದ ಹಡಗು.

ಆದರೆ ನಮ್ಮಿಬ್ಬರಿಗೂ ಅರುವತ್ತು ದಾಟಿದೆ. ಒಬ್ಬರಿಗೆ ಉಬ್ಬಸ, ಇನ್ನೊಬ್ಬರಿಗೆ ದಿನಕ್ಕೆರಡು ಬಾರಿ ಇನ್ಸುಲಿನ್. ಹೋಗಬೇಕೋ ಬೇಡವೋ ಎಂಬುದೇ ಮೊದಲ ಪ್ರಶ್ನೆಯಾಗಿತ್ತು.

"ಉಮ್ಮಾ, ಜುಲೈಯಲ್ಲಿ ನನಗೆ ರಜೆ. ನಾನೂ ಜೊತೆಗೆ ಬರುತ್ತೇನೆ" ಎಂದಳು ಮಗಳು. ಅವಳು ಅಲ್ಲಿನ ಶಾಲೆಯೊಂದರಲ್ಲಿ ಅಧ್ಯಾಪಕಿ. ಅವಳು ಜೊತೆಗಿದ್ದರೆ ನಮ್ಮ ಅರ್ಧ ಭಯ ಕಳೆಯುತ್ತಿತ್ತು. ಆದರೆ ಭೂಮಧ್ಯರೇಖೆಯ ಆಚೆ ಜುಲೈ ಎಂದರೆ ನಡು ಚಳಿಗಾಲ. ಪ್ರವಾಸಿ ಹಡಗುಗಳು ಆ ತುದಿಗೆ ಹೋಗುವುದು ಮುಖ್ಯವಾಗಿ ನವೆಂಬರಿನಿಂದ ಮಾರ್ಚ್‌ವರೆಗೆ, ಅಲ್ಲಿನ ಬೇಸಿಗೆಯಲ್ಲಿ. ಆಗ ಅವಳಿಗೆ ಉದ್ದ ರಜೆಯಿಲ್ಲ. ಹಾಗಾಗಿ ಮಗಳ ಜೊತೆ ಬೇರೆಲ್ಲಾದರೂ ಹೋಗುವುದು, ಇಲ್ಲವೇ ಇಬ್ಬರೇ ಅಲ್ಲಿಗೆ ಹೋಗುವುದು, ಇವೆರಡರಲ್ಲಿ ಒಂದನ್ನು ಆರಿಸಬೇಕಿತ್ತು. ವಾರವಿಡೀ ಮಾತಾಡಿ ಎರಡನೆಯದನ್ನು ಆರಿಸಿದೆವು.

ಐದು ತಿಂಗಳಲ್ಲಿ ಯಾವುದು? ನವೆಂಬರ್ ಅಲ್ಲಿ ಇನ್ನೂ ವಸಂತ, ಚಳಿ ಪೂರ್ತಿ ಬಿಟ್ಟಿರುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಹಬ್ಬದ ರಜೆಯವರ ನೂಕುನುಗ್ಗಲು, ದರವೂ ಏರುತ್ತದೆ. ಮಾರ್ಚ್‌ನಲ್ಲಿ ಗಾಳಿ ತುಸು ತಗ್ಗುತ್ತದೆ, ಆದರೆ ಚಳಿ ಮರಳುತ್ತದೆ. ಮೇಲಾಗಿ 2025ರಲ್ಲಿ ರಮಝಾನ್ ಮಾರ್ಚ್ ಆರಂಭದಲ್ಲೇ ಬಂದಿತ್ತು. ಉಳಿದದ್ದು ಜನವರಿ ಮತ್ತು ಫೆಬ್ರವರಿ. ನಮ್ಮ ಮನೆಯಲ್ಲಿ ಜನವರಿ ಎಂದರೆ ಅಂಗಳದ ತುಂಬ ಅಡಿಕೆ ಒಣಗುವ ಕಾಲ. ಅದನ್ನು ನೋಡಿಕೊಳ್ಳಲು ತಮ್ಮನ ಮಗ ಒಪ್ಪಿದ ಮೇಲೆ ಜನವರಿಯ ಮೂರನೇ ವಾರ ನಿಶ್ಚಯವಾಯಿತು. ಅಲ್ಲಿಗೆ ಅದೇ ವರ್ಷದ ಅತಿ ಬೆಚ್ಚನೆಯ ಕಾಲ. ಬೆಚ್ಚನೆ ಎಂದರೂ ದಕ್ಷಿಣ ತುದಿಯ ಉಶ್ವಾಯಾದಲ್ಲಿ ಹಗಲು 15 ಡಿಗ್ರಿ, ರಾತ್ರಿ ಆರೇಳು. ಹೊರಡುವ ಬ್ಯೂನಸ್ ಐರಿಸ್‌ನಲ್ಲಿ ಮಾತ್ರ 30 ಡಿಗ್ರಿ ಸೆಖೆ, ನಮ್ಮ ಊರಿನಂತೆಯೇ ಬೆವರು. ಇಳಿಯುವ ಚಿಲಿಯ ಕಡೆ, ರಾಜಧಾನಿ ಸಾಂಟಿಯಾಗೋದಲ್ಲೂ ಅಷ್ಟೇ ಬಿಸಿಲು, ಆದರೆ ಒಣ ಬಿಸಿಲು. ನಡುವೆ ಪ್ಯಾಟಗೋನಿಯಾದ ಎಡೆಬಿಡದ ಗಾಳಿ.

ಹೀಗೆ ತಿಂಗಳನ್ನು ಆರಿಸಿದ್ದು ದಾರಿಯ ಅತ್ಯಂತ ಕಠಿಣವಾದ ಸ್ಥಳವನ್ನು ನೋಡಿ, ನಮ್ಮಿಬ್ಬರಲ್ಲಿ ದುರ್ಬಲವಾದ ಶ್ವಾಸಕೋಶವನ್ನು ನೋಡಿ. ತಣ್ಣನೆಯ ಒಣ ಗಾಳಿ ಉಬ್ಬಸಕ್ಕೆ ವೈರಿ. ಸೆಖೆಯನ್ನು ಹೇಗಾದರೂ ಸಹಿಸಬಹುದು.

ಇನ್ನೊಂದು ತೊಡಕನ್ನು ನಮ್ಮ ಓದುಗರು ಮುಖ್ಯವಾಗಿ ತಿಳಿದಿರಬೇಕು. ಹಳದಿ ಜ್ವರ. ಇದು ನಮ್ಮ ಊರಿನ ಅರಸಿನ ಕಾಮಾಲೆಯಲ್ಲ, ಸೊಳ್ಳೆಯಿಂದ ಹರಡುವ ಬೇರೆಯೇ ರೋಗ. ಅದನ್ನು ಹರಡಬಲ್ಲ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ, ರೋಗ ಮಾತ್ರ ಇನ್ನೂ ಬಂದಿಲ್ಲ. ಆದ್ದರಿಂದಲೇ ನಮ್ಮ ಸರ್ಕಾರ ಬಹಳ ಕಟ್ಟುನಿಟ್ಟು. ಅರ್ಜೆಂಟೀನಾ, ಬ್ರೆಜಿಲ್, ಪನಾಮ ಮುಂತಾದ ದೇಶಗಳಿಂದ ಮರಳುವವರ ಕೈಯಲ್ಲಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಹಾಕುತ್ತಾರೆ. ಹತ್ತು ದಿನ ಕಳೆದ ಮೇಲೆ ಪತ್ರ ಊರ್ಜಿತವಾಗುತ್ತದೆ. 2016ರಿಂದ ಅದು ಜೀವನಪರ್ಯಂತ ಸಲ್ಲುತ್ತದೆ.

ತೊಡಕು ಇರುವುದು ಪ್ರಾಯದಲ್ಲಿ. ಇದು ಜೀವಂತ ವೈರಾಣುವಿನ ಲಸಿಕೆ. ಅರುವತ್ತು ಮೀರಿದವರಲ್ಲಿ ತೀವ್ರ ಅಡ್ಡಪರಿಣಾಮ ಅಪರೂಪವಾದರೂ ಎಳೆಯರಿಗಿಂತ ಹೆಚ್ಚು. "ಒಂದು ಪ್ರವಾಸಕ್ಕಾಗಿ ಇದು ಬೇಕೇ?" ಎಂದು ಒಬ್ಬರು ಕೇಳಿದರೆ, "ಹಾಗಾದರೆ ಬಿಡೋಣ" ಎಂದು ಇನ್ನೊಬ್ಬರು. ಮರುದಿನ ಈ ಮಾತೇ ತಿರುಗುಮುರುಗು. ಕೊನೆಗೆ ಕುಟುಂಬ ವೈದ್ಯರ ಮುಂದೆ ಕುಳಿತೆವು. ಮೊಟ್ಟೆಯ ಅಲರ್ಜಿ ಇದೆಯೇ, ಉಬ್ಬಸಕ್ಕೆ ಸ್ಟೀರಾಯ್ಡ್ ಮಾತ್ರೆ ನುಂಗುತ್ತೀರಾ, ಸಕ್ಕರೆ ಹತೋಟಿಯಲ್ಲಿದೆಯೇ ಎಂದು ಒಂದೊಂದಾಗಿ ವಿಚಾರಿಸಿ, ಹಾಕಿಸಿಕೊಳ್ಳಬಹುದು ಎಂದರು. ನಾವು ಮಾತ್ರ ಇಬ್ಬರೂ ಒಂದೇ ದಿನ ಹಾಕಿಸಿಕೊಳ್ಳಲಿಲ್ಲ. ಒಬ್ಬರಿಗೆ ಜ್ವರ ಬಂದರೆ ನೋಡಿಕೊಳ್ಳಲು ಇನ್ನೊಬ್ಬರು ಗಟ್ಟಿಯಾಗಿರಲಿ ಎಂದು ಎರಡು ವಾರ ಅಂತರ ಬಿಟ್ಟೆವು. ಅಲ್ಲಾಹನ ಕೃಪೆಯಿಂದ ಎರಡು ದಿನದ ಮೈಕೈ ನೋವಿನಲ್ಲಿ ಮುಗಿಯಿತು.

ಇನ್ನು ಪೆಟ್ಟಿಗೆ. ಎಷ್ಟು ಕಟ್ಟಬೇಕೆಂದು ತೀರ್ಮಾನಿಸುವುದು ಹಡಗಲ್ಲ, ಅದರವರೆಗೆ ಕೊಂಡೊಯ್ಯುವ ವಿಮಾನ. ನಮಗೆ ಸಿಕ್ಕಿದ್ದು ತಲಾ 23 ಕಿಲೋ. ನಾಲ್ಕು ಹವೆಗೆ ನಾಲ್ಕು ಬಗೆಯ ಉಡುಪು ಎಂದು ಲೆಕ್ಕ ಹಾಕಿದರೆ ಎಂಬತ್ತು ಕಿಲೋ ಆದರೂ ಸಾಲದು. ಒಂದರ ಮೇಲೊಂದು ಧರಿಸುವುದೇ ಉಪಾಯ. ಒಳಗೆ ಮೈಗಂಟುವ ತೆಳು ಉಣ್ಣೆಯ ಬಟ್ಟೆ, ಅದರ ಮೇಲೆ ಸ್ವೆಟರ್, ಎಲ್ಲಕ್ಕಿಂತ ಹೊರಗೆ ಗಾಳಿಯನ್ನೂ ನೀರನ್ನೂ ತಡೆಯುವ ಜಾಕೆಟ್. ಸೆಖೆಯ ಊರಿನ ಹತ್ತಿ ಅಂಗಿಯೇ ಚಳಿಯ ಊರಿನಲ್ಲಿ ನಡುವಿನ ಪದರವಾಗುತ್ತದೆ. ಆದರೆ ಹತ್ತಿ ಒದ್ದೆಯಾದರೆ ಮೈಯ ಬಿಸಿಯನ್ನು ಹೀರಿಬಿಡುತ್ತದೆ, ಆದ್ದರಿಂದ ಚರ್ಮಕ್ಕೆ ತಾಗುವ ಪದರ ಹತ್ತಿಯದಾಗಬಾರದು. ಮಡಿಕೇರಿಯ ಚಳಿಗೆಂದು ಕೊಂಡಿದ್ದ ಮಂಕಿ ಕ್ಯಾಪ್ ಕಪಾಟಿನಿಂದ ಹೊರಬಂತು. ಕೊಡೆಯನ್ನು ಮನೆಯಲ್ಲೇ ಬಿಟ್ಟೆವು. ಗಾಳಿಗೆ ಜನ ಬೀಳದಂತೆ ಬೀದಿಯಲ್ಲಿ ಹಗ್ಗ ಕಟ್ಟುವ ಪುಂಟಾ ಅರೆನಾಸ್‌ನಂಥ ಊರಿನಲ್ಲಿ ಕೊಡೆಗೆ ಏನು ಕೆಲಸ? ಉದ್ದನೆಯ ಶಾಲಿನ ಬದಲು ಪಿನ್ನು ಹಾಕಿ ಬಿಗಿಯಬಲ್ಲ ಗಿಡ್ಡ ಶಾಲುಗಳನ್ನು ಇಟ್ಟುಕೊಂಡೆವು. ಚಳಿಯಲ್ಲೂ ಅಲ್ಲಿನ ಬಿಸಿಲು ಚರ್ಮ ಸುಡುತ್ತದೆಂದು ಕಪ್ಪು ಕನ್ನಡಕ, ಮುಖಕ್ಕೆ ಹಚ್ಚುವ ಮುಲಾಮು ಸೇರಿದವು.

ಮಾತ್ರೆಗಳನ್ನು ಎರಡು ಪಾಲು ಮಾಡಿ ಎರಡು ಕೈಚೀಲಗಳಲ್ಲಿ ಇಟ್ಟೆವು, ಒಂದು ಕಳೆದರೂ ಇನ್ನೊಂದು ಇರಲಿ ಎಂದು. ಔಷಧಿಯ ಮೂಲ ಹೆಸರು ಬರೆದ ವೈದ್ಯರ ಚೀಟಿಯೂ ಜೊತೆಗೆ. ಇನ್ಸುಲಿನ್ ವಿಮಾನದ ಸರಕಿನ ಪೆಟ್ಟಿಗೆಗೆ ಹೋಗಬಾರದು, ಹೆಪ್ಪುಗಟ್ಟಿದರೆ ಕೆಟ್ಟಂತೆಯೇ. ಹೊರಗೆ ಚಳಿಯಲ್ಲಿ ತಿರುಗುವಾಗ ಅದನ್ನು ಕೋಟಿನ ಒಳಜೇಬಿನಲ್ಲಿ, ಮೈಗೆ ಹತ್ತಿರ ಇಡಬೇಕು. ಎಂಟೂವರೆ ಗಂಟೆಯ ಕಾಲವ್ಯತ್ಯಾಸಕ್ಕೆ ತಕ್ಕಂತೆ ಯಾವ ಹೊತ್ತಿಗೆ ಎಷ್ಟು ಎಂದು ವೈದ್ಯರು ಕಾಗದದಲ್ಲಿ ಬರೆದುಕೊಟ್ಟರು. ವಿಮೆ ಮಾಡಿಸುವಾಗ ಇರುವ ಕಾಯಿಲೆಗಳನ್ನೆಲ್ಲ ಹೇಳಿಯೇ ಮಾಡಿಸಿದೆವು, ಕಂತು ಏರಿದರೂ ಸರಿ. ಹಡಗಿನ ಆಸ್ಪತ್ರೆಯ ಬಿಲ್ಲು ದುಬಾರಿ, ಅಲ್ಲಿಂದ ದಡಕ್ಕೆ ಸಾಗಿಸುವುದಂತೂ ಇನ್ನೂ ದುಬಾರಿ.

ನಮ್ಮವರ ಚೀಲದಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ, ಚಿಕ್ಕ ಕುಕ್ಕರ್ ಇರುವುದು ರೂಢಿ. ಹಡಗಿನ ಕೋಣೆಯಲ್ಲಿ ಕುಕ್ಕರ್, ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ ಇಡಲು ಬಿಡುವುದಿಲ್ಲ. ಕಡಲ ನಡುವೆ ಬೆಂಕಿಯಷ್ಟು ಭಯಂಕರ ಬೇರೊಂದಿಲ್ಲ. ಚಿಲಿಯಲ್ಲಿ ಇಳಿಯುವಾಗ ಹಣ್ಣು, ಬೀಜ, ಜೇನು, ಹಾಲಿನ ಪದಾರ್ಥ ಏನಿದ್ದರೂ ಬರೆದು ತಿಳಿಸಬೇಕು, ಮುಚ್ಚಿಟ್ಟರೆ ದಂಡ. ಸಾಸಿವೆ, ಮೆಂತ್ಯ ಕೂಡ ಬೀಜವೇ. ಹಾಗಾಗಿ ಅಡುಗೆಯ ಗಂಟನ್ನೇ ಬಿಟ್ಟೆವು. ಮೀನು ಮತ್ತು ತರಕಾರಿ ಸಾಕು ಎಂದು ಟಿಕೆಟ್ ಮಾಡುವಾಗಲೇ ತಿಳಿಸಿದ್ದರಿಂದ ಊಟಕ್ಕೆ ತೊಂದರೆಯಾಗಲಿಲ್ಲ.

ಗಂಟು ಕಟ್ಟುವಾಗ ನಮ್ಮ ಅಜ್ಜಿಯ ತಗಡಿನ ಪೆಟ್ಟಿಗೆ ನೆನಪಾಯಿತು. ಮುಂಬಯಿಯಿಂದ ಜಿದ್ದಾಕ್ಕೆ ಹಜ್ಜ್ ಯಾತ್ರಿಕರ ಹಡಗುಗಳು 1995ರವರೆಗೂ ಇದ್ದವು. ಚಾಂದ್ರಮಾನದ ವರ್ಷ ಸುಮಾರು 11 ದಿನ ಕಡಿಮೆಯಾದ್ದರಿಂದ ಹಜ್ಜ್ 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಕಾಲವನ್ನು ಆರಿಸುವ ಸ್ವಾತಂತ್ರ್ಯ ಅವರಿಗಿರಲಿಲ್ಲ, ಬಂದ ಋತುವಿನಲ್ಲಿ ಹೊರಡಬೇಕು. ಅಕ್ಕಿ, ಒಣಮೀನು, ಉಪ್ಪಿನಕಾಯಿಯ ಅಡಿಯಲ್ಲಿ ಮಡಚಿಟ್ಟ ಕಫನ್ ಬಟ್ಟೆಯೂ ಇರುತ್ತಿತ್ತು. ಹೊರಡುವ ಮುನ್ನ ಸಾಲ ತೀರಿಸಿ, ನೆರೆಹೊರೆಯವರ ಮನೆಮನೆಗೆ ಹೋಗಿ ಕ್ಷಮೆ ಕೇಳಿ ಬರುತ್ತಿದ್ದರು. ನಮ್ಮದು ಯಾತ್ರೆಯಲ್ಲ, ಬರೀ ಪ್ರವಾಸ. ಆದರೂ ಬ್ಯಾಂಕಿನ ವಿವರ, ಬೀಗದ ಕೈ, ಕೊಡಬೇಕಾದ್ದು ಬರಬೇಕಾದ್ದು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮಗಳಿಗೊಂದು ಪ್ರತಿ ಕಳುಹಿಸಿದೆವು. ಅದನ್ನು ಓದಿ ಅವಳು ಫೋನಿನಲ್ಲಿ ತುಂಬ ಹೊತ್ತು ಮಾತಾಡಲಿಲ್ಲ.

ಹಡಗಿನಲ್ಲಿ ನಡೆದುದನ್ನು ಚಿಕ್ಕದಾಗಿ ಹೇಳಬಹುದು. ಫಾಕ್‌ಲ್ಯಾಂಡ್ ದ್ವೀಪದ ಸ್ಟ್ಯಾನ್ಲಿಯಲ್ಲಿ ಚಿಕ್ಕ ದೋಣಿಗಳಲ್ಲಿ ದಡ ಸೇರಬೇಕು. ಗಾಳಿ ಜೋರಾಗಿ ಅಂದಿನ ಇಳಿಯುವಿಕೆಯನ್ನೇ ರದ್ದು ಮಾಡಿದರು. ಯಾರೂ ಗೊಣಗಲಿಲ್ಲ. ಕೇಪ್ ಹಾರ್ನ್ ಮುಂದೆ ಬಂದ ಬೆಳಿಗ್ಗೆ ನಾವಿಬ್ಬರೂ ಮೂರು ಪದರ ಹೊದ್ದು, ಮೂಗು ಬಾಯಿಗೆ ಶಾಲು ಸುತ್ತಿಕೊಂಡು ಮೇಲಂತಸ್ತಿಗೆ ಹತ್ತಿದೆವು. ಉಬ್ಬಸದವರಿಗೆ ಹತ್ತೇ ನಿಮಿಷ ಸಾಕಾಯಿತು. ಇನ್‌ಹೇಲರ್ ತೆಗೆದುಕೊಂಡು ಇಬ್ಬರೂ ಒಳಗಿನ ಗಾಜಿನ ಕಿಟಕಿಯ ಬಳಿ ಕುಳಿತೆವು. ಕರಿಹಲಗೆಯಲ್ಲಿ ಸೀಮೆಸುಣ್ಣದ ಒಂದು ಚುಕ್ಕಿಯಾಗಿದ್ದ ಬಂಡೆ ಬೂದು ಬಣ್ಣದಲ್ಲಿ ನಿಧಾನವಾಗಿ ಸರಿದು ಹೋಯಿತು. ಉಶ್ವಾಯಾದಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿತ್ತು. ನಾಲ್ಕೈದು ದಿನ ಕಳೆದು ಚಿಲಿಯ ಬಿಸಿಲಿನಲ್ಲಿ ಅದೇ ಹತ್ತಿ ಅಂಗಿಯಲ್ಲಿ ಇಳಿದೆವು.

ಈಗ ಪರಿಚಿತರು ಹಡಗು ಪ್ರವಾಸದ ಬಗ್ಗೆ ಕೇಳಲು ಮನೆಗೆ ಬರುತ್ತಾರೆ. ನಾವು ಅವರ ಮುಂದೆ ಒಂದು ಕಾಗದ ಇಡುತ್ತೇವೆ. ದಾರಿಯಲ್ಲಿ ಎಲ್ಲಕ್ಕಿಂತ ಚಳಿಯ, ಎಲ್ಲಕ್ಕಿಂತ ಗಾಳಿಯ ಜಾಗ ಯಾವುದು, ಹೊರಟವರಲ್ಲಿ ಎಲ್ಲರಿಗಿಂತ ದುರ್ಬಲರು ಯಾರು ಎಂದು ಮೊದಲು ಬರೆಯಿರಿ ಎನ್ನುತ್ತೇವೆ. ಹಲವರು ಎರಡನೆಯದನ್ನು ಬರೆಯಲು ಹಿಂಜರಿಯುತ್ತಾರೆ, ಹೆಂಡತಿಯ ಮುಖ ನೋಡುತ್ತಾರೆ. ಬರೆದ ಮೇಲೆ ತಿಂಗಳು ತಾನಾಗಿಯೇ ಗೊತ್ತಾಗುತ್ತದೆ. ದರದ ವಿಚಾರ ಆಮೇಲೆ ಮಾತಾಡಿದರಾಯಿತು.