ಪೆಡ್ಡರ್ ರಸ್ತೆಯ ಏರು

ನಮ್ಮ ಸೊಲ್ಲಾಪುರದ ಗಾಡಿ ಬಂದು ನಿಲ್ಲುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಬಳಿಯಿಂದಲೇ ಮುಂಬೈ ಮ್ಯಾರಥಾನ್ ಹೊರಡುತ್ತದೆ: 42.195 ಕಿಲೋಮೀಟರು. ಮರೆವಿನ ಕಾಯಿಲೆಯವರ ಆರೈಕೆಗೆ ನಿಧಿ ಕೂಡಿಸಲೆಂದು ನಾನೂ ಓಡಿದೆ. ಬಾರ್ ರೂಮಿನ ಗೆಳೆಯರು ಕಿಲೋಮೀಟರಿಗೆ ಇಂತಿಷ್ಟೆಂದು ಬರೆದುಕೊಟ್ಟಿದ್ದರು. ವಕೀಲರಾದರೂ ಯಾರೂ ತಕರಾರು ತೆಗೆಯಲಿಲ್ಲ.

ಬಾಂದ್ರಾ–ವರ್ಲಿ ಸಮುದ್ರಸೇತುವೆಯ ಮೇಲೆ ಗಾಳಿ ಹಿತವಾಗಿತ್ತು. ಮರಳುವಾಗ ಪೆಡ್ಡರ್ ರಸ್ತೆಯ ಏರು ಮೊಣಕಾಲುಗಳನ್ನು ಪಾಟೀಸವಾಲಿಗೆ ಒಳಪಡಿಸಿತು. ಅಲ್ಲಿ ಅವ್ವನನ್ನು ನೆನೆದೆ. ಮದುವೆಯಾಗಿ ಬಂದ ಮೇಲೆ ಕಲಿತ ಮರಾಠಿ ಆಕೆಯಿಂದ ಮೊದಲು ಜಾರಿತು; ಕನ್ನಡ ಉಳಿಯಿತು. ಇಂದು ಯಾವ ವಾರವೆಂದು ವೈದ್ಯರು ಮರಾಠಿಯಲ್ಲಿ ಕೇಳಿದಾಗ ಸುಮ್ಮನಿದ್ದಳು. ಕನ್ನಡದಲ್ಲಿ ಕೇಳಿದೆ. “ಸೋಮಾರ, ಸಿದ್ಧರಾಮನ ವಾರ” ಎಂದಳು.

ನ್ಯಾಯಾಲಯದಲ್ಲಿ ಭಾಷೆ ತಿಳಿಯದ ಸಾಕ್ಷಿಗೆ ದುಭಾಷಿ ದೊರೆಯುತ್ತಾನೆ. ಆಸ್ಪತ್ರೆಯಲ್ಲಿ ಅವ್ವನಿಗೆ ಆ ಕೆಲಸವನ್ನು ಈಗ ಮಾಡುತ್ತಿರುವವಳು ಕನ್ನಡ ಶಾಲೆಯ ಏಳನೆಯ ತರಗತಿಯಲ್ಲಿರುವ ನನ್ನ ಮಗಳು.