ಕತ್ತಲೆಯ ಪರದೆ

ಕಂಪ್ಯೂಟರಿಗೂ ಮೌನವ್ರತವುಂಟೆಂದು ನನಗೆ ತಿಳಿದದ್ದು ಸುರಪುರದ ನಮ್ಮ ಕಾಕಾನವರ ಅಂಗಡಿಯಲ್ಲಿ. ಅಂಗಡಿಯೆಂದರೆ ದೊಡ್ಡದೇನಲ್ಲ, ಒಂದು ಜೆರಾಕ್ಸ್ ಯಂತ್ರ, ಒಂದು ಪ್ರಿಂಟರ್, ಹತ್ತು ವರ್ಷ ಹಳೆಯದಾದ ಒಂದು ಕಂಪ್ಯೂಟರು. ಪಹಣಿ ಬೇಕಾದ ರೈತರೂ ವಿದ್ಯಾರ್ಥಿವೇತನದ ಅರ್ಜಿ ತುಂಬಬೇಕಾದ ನಮ್ಮಂಥವರೂ ಅದರ ಮುಂದೆಯೇ ಸರದಿ ಕಾಯಬೇಕು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹನ್ನೊಂದನ್ನು ಹಾಕೋಣವೆಂದರೆ ಆ ಮುದಿ ಯಂತ್ರ ಅದಕ್ಕೆ ಅರ್ಹವಲ್ಲ. ಹೊಸದನ್ನು ಕೊಳ್ಳೋಣವೆಂದರೆ ಕೈಯಲ್ಲಿ ದುಡ್ಡಿಲ್ಲ. ಲಿನಕ್ಸ್ ಹಾಕೋಣವೆಂದೆ. 1991ರಲ್ಲಿ ಫಿನ್ಲೆಂಡಿನ ಲಿನುಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ್ದೆಂಬ ನನ್ನ ಉಪನ್ಯಾಸ ಕಾಕಾನವರ ಕಿವಿಗೆ ಬೀಳಲಿಲ್ಲ. ಪುಕ್ಕಟೆ ಎಂಬ ಮಾತು ಮಾತ್ರ ಬಿತ್ತು.

ಹಾಕುವ ಕೆಲಸ ಬೇಗನೆ ಮುಗಿಯಿತು. ಮತ್ತೆ ಚಾಲೂ ಮಾಡಿದಾಗ ಫ್ಯಾನು ತಿರುಗಿತು, ದೀಪ ಮಿನುಗಿತು, ಪರದೆ ಮಾತ್ರ ಅಮಾವಾಸ್ಯೆ!

"ಸತ್ತು ಹೋತೇನೋ ತಮ್ಮಾ? ನಾಳಿ ಮಂದಿ ಬರ್ತಾರ, ಏನ್ ಹೇಳ್ಲಿ?"

"ಇಲ್ಲ ಕಾಕಾ, ಜೀವ ಅದ."

ಶಹಾಪುರದ ಬೆಟ್ಟದ ಸಾಲಿನಲ್ಲಿ ಮಲಗಿದ ಬುದ್ಧನನ್ನು ಬಸ್ಸಿನ ಕಿಟಕಿಯಿಂದ ನೋಡದವರು ನಮ್ಮಲ್ಲಿ ಯಾರಿದ್ದಾರೆ? ಈ ಯಂತ್ರವೂ ಹಾಗೆ ಮಲಗಿತ್ತು, ಅಷ್ಟೆ. ಕ್ಯಾಪ್ಸ್ ಲಾಕ್ ಕೀಲಿ ಒತ್ತಿದರೆ ಅದರ ಪುಟ್ಟ ದೀಪ ಹತ್ತುತ್ತಿತ್ತು, ಆರುತ್ತಿತ್ತು. ನಾಡಿ ನೋಡುವ ಉಪಾಯವಿದು.

ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿನೊಡನೆ ಮಾತನಾಡಲು ಲಿನಕ್ಸಿಗೆ ಡ್ರೈವರ್ ಎಂಬ ದುಭಾಷಿ ಬೇಕು. ಕೆಲವು ತಯಾರಕರು ತಮ್ಮ ಕಾರ್ಡಿನ ಗುಟ್ಟನ್ನು ಬಹುಕಾಲ ಬಿಟ್ಟುಕೊಡಲಿಲ್ಲ; ಸ್ವಯಂಸೇವಕರು ಕಾರ್ಡಿನ ನಡೆಯನ್ನೇ ಗಮನಿಸಿ, ಊಹಿಸಿ ಡ್ರೈವರ್ ಬರೆಯಬೇಕಾಯಿತು. ಇಂಥ ಕಷ್ಟ ನಮ್ಮ ಸೀಮೆಗೆ ಹೊಸದಲ್ಲ. 1948ಕ್ಕೆ ಮೊದಲು, ನಿಜಾಮರ ಆಳ್ವಿಕೆಯಲ್ಲಿ, ಸರ್ಕಾರಿ ಕಾಗದ ಉರ್ದುವಿನಲ್ಲಿರುತ್ತಿತ್ತು. ಕನ್ನಡವಷ್ಟೇ ಬಲ್ಲ ರೈತ ಅದನ್ನು ಓದಿ ಹೇಳುವವರನ್ನು ಹುಡುಕಬೇಕಾಗಿತ್ತು. ಓದಿ ಹೇಳುವವನು ತಪ್ಪಿದರೆ ಹೊಲದ ಗತಿಯೇನು?

ಯಾದಗಿರಿಯ ಗೆಳೆಯನೊಬ್ಬ ಫೋನಿನಲ್ಲಿ ದಾರಿ ತೋರಿಸಿದ: ದುಭಾಷಿಯನ್ನು ತುಸು ಹೊತ್ತು ಹೊರಗೆ ಕೂಡಿಸು. ಯಂತ್ರ ಏಳುವಾಗ ಶಿಫ್ಟ್ ಹಿಡಿದರೆ (ಕೆಲವದರಲ್ಲಿ ಎಸ್ಕೇಪ್ ಒತ್ತಿದರೆ) ಗ್ರಬ್ ಎಂಬ ಪಟ್ಟಿ ಬರುತ್ತದೆ. ಅಲ್ಲಿ ಇಂಗ್ಲಿಷಿನ 'ಇ' ಒತ್ತಿ, 'ಲಿನಕ್ಸ್' ಎಂದು ಆರಂಭವಾಗುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು 'ನೋಮೋಡ್‌ಸೆಟ್' ಎಂಬ ಪದವನ್ನು ಸಣ್ಣ ಅಕ್ಷರಗಳಲ್ಲಿ, ನಡುವೆ ಬಿಡದೆ ಬರೆದು ಎಫ್10 ಒತ್ತಬೇಕು. ಆಗ ಲಿನಕ್ಸ್ ಕಾರ್ಡಿನ ವಿಶೇಷ ಡ್ರೈವರಿನ ಗೊಡವೆ ಬಿಟ್ಟು ಸರಳ ಚಿತ್ರದಲ್ಲೇ ತೃಪ್ತಿಪಡುತ್ತದೆ.

ಪರದೆ ಬೆಳಗಿತು! ಅಕ್ಷರಗಳು ಜಾತ್ರೆಯ ಫಲಕದಷ್ಟು ದಪ್ಪ. ಆದರೂ ಕಾಕಾನವರು ಕೈ ಮುಗಿದರು. ಈ ಪದ ಒಂದು ಸಲಕ್ಕೆ ಮಾತ್ರ, ಮತ್ತೆ ಚಾಲೂ ಮಾಡಿದರೆ ಅಳಿಸಿಹೋಗಿರುತ್ತದೆ. ಆದ್ದರಿಂದ ಕಾರ್ಡಿಗೆ ತಕ್ಕ ಡ್ರೈವರನ್ನು ಮೊಬೈಲಿನ ಇಂಟರ್ನೆಟ್ಟಿನಿಂದ ಇಳಿಸಿಕೊಂಡೆವು. ನಡುವೆ ಕರೆಂಟು ಹೋದ ಕಥೆ ಇಲ್ಲಿ ಬೇಡ. ಲಿನಕ್ಸನ್ನು ಹೊಗಳುವವರು ಸಿದ್ಧಾಂತಕ್ಕಿಂತ ಮೊದಲು ಈ ಒಂದು ಪದವನ್ನು ಕಲಿಸಿದ್ದರೆ ಎಷ್ಟು ಚೆನ್ನಾಗಿತ್ತು!

ಮರುದಿನ ಬೆಳಿಗ್ಗೆ ಎಂಟಕ್ಕೇ ಸರದಿ ನಿಂತಿತ್ತು. ಮೊದಲ ಪಹಣಿ ಹೊರಬಂತು. ಪ್ರಿಂಟರ್ ಮಾತ್ರ ಬಣ್ಣ ಕೊಡಲು ಇನ್ನೂ ಒಪ್ಪಿಲ್ಲ. ಬರುವ ರವಿವಾರ ಅದರ ಪಾಳಿ.